ರ್ಯಾಕ್ ಬದಲಾಯಿಸುವ ಮುಂಚೆ ಬೂಟ್ ಬಿಚ್ಚಿಸಿ: ಹಳೆ ಕಾರಿನ ಸ್ಟೀರಿಂಗ್ ಆಯಿಲ್ ಲೀಕ್

(ಪಾಡ್‌ಕಾಸ್ಟ್‌ನ ಬರಹ ರೂಪ)

ಇವತ್ತಿನ ವಿಷಯ ಸ್ವಲ್ಪ ಗ್ರೀಸ್ ವಾಸನೆದು. ಮನೇಲಿ ಹತ್ತು ಹದಿನೈದು ವರ್ಷ ಹಳೇ ಕಾರಿದ್ದರೆ, ಅಥವಾ ಸೆಕೆಂಡ್ ಹ್ಯಾಂಡ್ ಕಾರು ತಗೋಬೇಕು ಅಂತಿದ್ದರೆ, ಪೂರ್ತಿ ಕೇಳಿ. ಹತ್ತಾರು ಸಾವಿರ ರೂಪಾಯಿ ಉಳಿಯಬಹುದು.

ವಿಷಯ ಪವರ್ ಸ್ಟೀರಿಂಗ್ ಆಯಿಲ್ ಲೀಕ್. ಮೊದಲೇ ಒಂದು ಮಾತು: ಈಗಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಈ ಆಯಿಲ್ಲೇ ಇರಲ್ಲ, ಎಲೆಕ್ಟ್ರಿಕ್ ಮೋಟಾರ್ ಕೆಲಸ ಮಾಡುತ್ತೆ. ಆದರೆ 2005ರಲ್ಲಿ ಬಿಡದಿ ಫ್ಯಾಕ್ಟರಿಯಿಂದ ಬಂದ ಮೊದಲ ತಲೆಮಾರಿನ ಇನೊವಾ, ಹಳೇ ಸ್ಕಾರ್ಪಿಯೋ, ಹಳೇ ಇಂಡಿಕಾ ತರದ ಗಾಡಿಗಳಲ್ಲಿ ಇರೋದು ಹೈಡ್ರಾಲಿಕ್. ಇಂಥವು ನಮ್ಮ ಊರುಗಳಲ್ಲಿ ಇನ್ನೂ ಬೇಕಾದಷ್ಟು ಓಡ್ತಿವೆ, ಅದೂ ಬಾಡಿಗೆಗೆ.

ನನ್ನ ಸೋದರಮಾವ ಹಾಸನದಲ್ಲಿ ಹಾಗೇ ಒಂದು ಇನೊವಾ ಇಟ್ಕೊಂಡಿದ್ದಾರೆ. ಮದುವೆ, ಧರ್ಮಸ್ಥಳ, ಸುಬ್ರಹ್ಮಣ್ಯ ಟ್ರಿಪ್. ಅದೇ ಅವರ ಅನ್ನ. ಹೋದ ಸೀಸನ್‌ನಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಗುಯ್ಯ್ ಅನ್ನೋ ಸದ್ದು ಶುರುವಾಯ್ತು, ಗಾಡಿ ನಿಲ್ಲಿಸಿದ ಕಡೆ ನೆಲದ ಮೇಲೆ ಕೆಂಪು ಹನಿ. ಒಂದು ಗ್ಯಾರೇಜ್‌ನವರು ಬಗ್ಗಿ ನೋಡಿ, ‘ಸ್ಟೀರಿಂಗ್ ರ್ಯಾಕ್ ಹೋಗಿದೆ, ಪೂರ್ತಿ ಬದಲಾಯಿಸಬೇಕು’ ಅಂದುಬಿಟ್ಟರು. ಅಷ್ಟು ದುಡ್ಡು ಕೈಯಲ್ಲಿ ಇಲ್ಲ. ಮಾವ ನನಗೆ ಫೋನ್ ಮಾಡಿ, ‘ಆಯಿಲ್ ಹಾಕ್ಕೊಂಡು ಓಡಿಸ್ತಾ ಇದೀನಿ ಕಣಪ್ಪಾ, ಸೀಸನ್ ಮುಗೀಲಿ’ ಅಂದರು. ಓಡಿಸ್ತಾ ಇದ್ದದ್ದು ಎಲ್ಲಿ? ಶಿರಾಡಿ ಘಾಟಿಯಲ್ಲಿ, ಹಿಂದೆ ಏಳು ಜನರನ್ನು ಕೂರಿಸಿಕೊಂಡು.

ನಾನು ಓದಿದ್ದು ಬಿಕಾಂ, ಮೆಕ್ಯಾನಿಕ್ ಅಲ್ಲ. ಆದರೆ ಕಾಮರ್ಸ್ ಓದಿದವರಿಗೆ ಒಂದು ಅಭ್ಯಾಸ ಇರುತ್ತೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಲಿಲ್ಲ ಅಂದರೆ ಇಡೀ ಲೆಡ್ಜರ್ ಎಸೆಯಲ್ಲ, ಯಾವ ಎಂಟ್ರಿ ತಪ್ಪಿದೆ ಅಂತ ಹುಡುಕ್ತೀವಿ. ಲೀಕ್ ಕೂಡ ಅಷ್ಟೇ.

ಮೊದಲು ಈ ಸಿಸ್ಟಮ್ ಅರ್ಥ ಮಾಡ್ಕೊಳ್ಳೋಣ. ಬಾನೆಟ್ ಕೆಳಗೆ ಒಂದು ಆಯಿಲ್ ಡಬ್ಬಿ. ಅಲ್ಲಿಂದ ಆಯಿಲ್ ಪಂಪ್‌ಗೆ ಹೋಗುತ್ತೆ. ಪಂಪನ್ನು ಇಂಜಿನ್ ಬೆಲ್ಟ್ ತಿರುಗಿಸುತ್ತೆ. ಪಂಪ್‌ನಿಂದ ಪ್ರೆಶರ್ ಪೈಪ್ ಮೂಲಕ ಚಕ್ರ ತಿರುಗಿಸುವ ರ್ಯಾಕ್‌ಗೆ. ರ್ಯಾಕ್‌ನಿಂದ ರಿಟರ್ನ್ ಪೈಪ್ ಮೂಲಕ ವಾಪಸ್ ಡಬ್ಬಿಗೆ. ಇಷ್ಟೇ. ಪೆಟ್ರೋಲ್ ತರ ಇದು ಖರ್ಚಾಗೋ ವಸ್ತು ಅಲ್ಲ. ತಿಂಗಳು ತಿಂಗಳು ಟಾಪ್‌ಅಪ್ ಮಾಡ್ತಿದ್ದೀರಿ ಅಂದರೆ ಎಲ್ಲೋ ಸೋರ್ತಿದೆ ಅಂತಲೇ ಲೆಕ್ಕ.

ಸೋರಿದರೆ ಏನಾಗುತ್ತೆ? ಸ್ಟೀರಿಂಗ್ ಪೂರ್ತಿ ಕೈಕೊಡಲ್ಲ, ಚಕ್ರಕ್ಕೂ ಅದಕ್ಕೂ ಇರೋ ಕಬ್ಬಿಣದ ಸಂಪರ್ಕ ಹಾಗೇ ಇರುತ್ತೆ. ಆದರೆ ಇದ್ದಕ್ಕಿದ್ದಂತೆ ಕಲ್ಲಿನ ಹಾಗೆ ಭಾರ ಆಗುತ್ತೆ. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಹಾಗಾದರೆ ಯೋಚನೆ ಮಾಡಿ. ಎರಡನೇದು, ಆಯಿಲ್ ಕಾದ ಸೈಲೆನ್ಸರ್ ಪೈಪ್ ಮೇಲೆ ಬಿದ್ದರೆ ಬೆಂಕಿ ಹತ್ತಬಹುದು. ಮೂರನೇದು, ಆಯಿಲ್ ಇಲ್ಲದೆ ತಿರುಗಿದ ಪಂಪ್ ಸವೆದುಹೋಗುತ್ತೆ. ನೂರು ರೂಪಾಯಿ ಕ್ಲಿಪ್‌ನ ಲೀಕ್ ಸಾವಿರಾರು ರೂಪಾಯಿ ಪಂಪ್‌ನ ಬಿಲ್ ಆಗೋದು ಹೀಗೆ.

ಈಗ ಹುಡುಕೋದು. ಮೊದಲ ಹೆಜ್ಜೆ, ಬಿದ್ದಿರೋದು ಸ್ಟೀರಿಂಗ್ ಆಯಿಲ್ಲೇನಾ? ರಾತ್ರಿ ಕಾರ್ ಕೆಳಗೆ ಬಿಳಿ ಕಾಗದ ಅಂಟಿಸಿದ ರಟ್ಟು ಹಾಕಿ. ಸ್ಟೀರಿಂಗ್ ಆಯಿಲ್ ಎಷ್ಟೋ ಗಾಡಿಗಳಲ್ಲಿ ಕೆಂಪು, ಹಳತಾದರೆ ಕಂದು. ಆದರೆ ಕೆಲವು ಕಾರುಗಳ ಕೂಲಂಟ್ ಕೂಡ ಕೆಂಪು ಅಥವಾ ಗುಲಾಬಿ. ಸುಲಭದ ಪರೀಕ್ಷೆ: ಆ ಹನಿಯನ್ನು ಒಂದು ಹಳೇ ಲೋಟದ ನೀರಿಗೆ ಬಿಡಿ. ಆಯಿಲ್ ತೇಲುತ್ತೆ, ಕೂಲಂಟ್ ಬೆರೆತು ಹೋಗುತ್ತೆ. ಆ ಲೋಟವನ್ನು ಮತ್ತೆ ಅಡುಗೆಮನೆಗೆ ಒಯ್ಯಬೇಡಿ, ಎರಡೂ ವಿಷ.

ಎರಡನೇ ಹೆಜ್ಜೆ, ತೊಳೆಯೋದು. ಇದನ್ನೇ ಎಲ್ಲರೂ ಬಿಡ್ತಾರೆ. ಆಯಿಲ್ ಮೇಲಿಂದ ಇಳಿದು, ಗಾಳಿಗೆ ಹರಡಿ, ಕೊನೆಗೆ ತಳದಲ್ಲಿ ತೊಟ್ಟಿಕ್ಕುತ್ತೆ. ತಳದಲ್ಲಿ ಇರೋದು ರ್ಯಾಕ್. ಹಾಗಾಗಿ ಯಾವ ಲೀಕ್ ಆದರೂ ರ್ಯಾಕ್ ಒದ್ದೆಯಾಗಿರುತ್ತೆ, ಬೈಗುಳ ಅದಕ್ಕೇ ಬೀಳುತ್ತೆ! ಇಂಜಿನ್ ತಣ್ಣಗಿದ್ದಾಗ ಡಿಗ್ರೀಸರ್ ಹಾಕಿ ಡಬ್ಬಿ, ಪಂಪ್, ಪೈಪ್, ರ್ಯಾಕ್ ಎಲ್ಲ ತೊಳೆದು ಒಣಗಿಸಿ. ಆಮೇಲೆ ಇಂಜಿನ್ ಆನ್ ಮಾಡಿ, ಒಬ್ಬರು ಸ್ಟೀರಿಂಗನ್ನು ಆ ಕಡೆ ಈ ಕಡೆ ನಿಧಾನ ತಿರುಗಿಸಲಿ, ಇನ್ನೊಬ್ಬರು ದೂರದಿಂದ ಟಾರ್ಚ್ ಹಿಡಿದು ನೋಡಲಿ. ಕೊನೆ ತನಕ ತಿರುಗಿಸಿ ಐದು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ. ಒದ್ದೆ ಇರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದೋ ಅದೇ ನಿಮ್ಮ ಕಳ್ಳ.

ಎಚ್ಚರಿಕೆ: ಇಂಜಿನ್ ಓಡ್ತಿರುವಾಗ ಬೆಲ್ಟ್, ಫ್ಯಾನ್ ಹತ್ತಿರ ಕೈ ಬೇಡ. ಪ್ರೆಶರ್ ಪೈಪನ್ನು ಬೆರಳಿಂದ ತಡವಲೇಬೇಡಿ. ಟೈರ್‌ನಲ್ಲಿ ಇರೋದು 30ರ ಆಸುಪಾಸು ಪಿಎಸ್‌ಐ. ಆ ಪೈಪ್‌ನಲ್ಲಿ 1000 ಪಿಎಸ್‌ಐ ದಾಟಬಹುದು. ಸಣ್ಣ ತೂತಿಂದ ಬರೋ ಆಯಿಲ್ ಚರ್ಮದೊಳಗೇ ನುಗ್ಗುತ್ತೆ. ಜಾಕ್ ಒಂದನ್ನೇ ನಂಬಿ ಕಾರ್ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇರಲೇಬೇಕು.

ಮೂರನೇ ಹೆಜ್ಜೆ, ಅಗ್ಗದಿಂದ ದುಬಾರಿಗೆ ಹೋಗೋದು. ಮೊದಲು ಡಬ್ಬಿ: ಮುಚ್ಚಳ ಸಡಿಲ ಇದೆಯಾ, ಆಯಿಲ್ ಜಾಸ್ತಿ ಹಾಕಿ ಉಕ್ಕಿದೆಯಾ? ಆಮೇಲೆ ರಿಟರ್ನ್ ಪೈಪ್: ಶಾಖಕ್ಕೆ ರಬ್ಬರ್ ಗಟ್ಟಿಯಾಗಿ, ಕ್ಲಿಪ್ ಹಿಡಿತ ಕಳೆದುಕೊಂಡಿರುತ್ತೆ. ಆಮೇಲೆ ಪಂಪ್‌ಗೆ ಪೈಪ್ ಸೇರೋ ಜಾಗದ ಓ-ರಿಂಗ್, ಪ್ರೆಶರ್ ಪೈಪ್ ಬೋಲ್ಟ್‌ನ ವಾಷರ್. ವಾಷರ್ ಬಿಚ್ಚಿದರೆ ಹೊಸದೇ ಹಾಕಬೇಕು, ಹಳೇದು ಮತ್ತೆ ಕೂರಲ್ಲ. ಆಮೇಲೆ ಪ್ರೆಶರ್ ಪೈಪ್: ರಬ್ಬರ್ ಮತ್ತು ಕಬ್ಬಿಣ ಸೇರೋ ಕಡೆ ಬೆವರಿದ ಹಾಗೆ ಕಂಡರೆ ಪೈಪನ್ನೇ ಬದಲಾಯಿಸಿ. ಎಂ-ಸೀಲ್, ಟೇಪು, ಕ್ಲಿಪ್ಪು ಯಾವುದೂ ಆ ಪ್ರೆಶರ್ ತಡೆಯಲ್ಲ. ಆಮೇಲೆ ಪಂಪ್ ಸೀಲ್: ಪುಲಿ ಹಿಂದೆ ಒದ್ದೆ ಇದ್ದು, ಬೆಲ್ಟ್ ಮೇಲೆಲ್ಲ ಆಯಿಲ್ ಎರಚಿರುತ್ತೆ. ಕೊನೆಗೆ ರ್ಯಾಕ್.

ರ್ಯಾಕ್‌ನ ಎರಡೂ ತುದಿಗೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಇರುತ್ತೆ. ತುದಿಯ ಸೀಲ್ ಹೋಗಿದ್ದರೆ ಆಯಿಲ್ ಮೊದಲು ತುಂಬಿಕೊಳ್ಳೋದು ಆ ಬೂಟ್ ಒಳಗೆ. ಅದಕ್ಕೇ ಯಾರಾದರೂ ‘ರ್ಯಾಕ್ ಹೋಗಿದೆ’ ಅಂದರೆ ನೀವು ಕೇಳಬೇಕಾದ ಮಾತು ಒಂದೇ: ‘ಅಣ್ಣಾ, ಬೂಟ್‌ನ ಕ್ಲಿಪ್ ಬಿಚ್ಚಿ ತೋರಿಸಿ.’ ಒಳಗಿಂದ ಆಯಿಲ್ ಸುರಿದರೆ ಅವರು ಹೇಳಿದ್ದು ನಿಜ. ರಿಪೇರಿ ಕಿಟ್‌ನಲ್ಲಿ ಸರಿ ಮಾಡೋದಾ, ಬೇರೆ ರ್ಯಾಕ್ ಹಾಕೋದಾ ಅಂತ ಆಗ ಮಾತಾಡಿ. ಬೂಟ್ ಒಳಗೆ ಒಣಗಿದ್ದರೆ, ರ್ಯಾಕ್ ಮೇಲ್ಭಾಗದಲ್ಲಿ ಸ್ಟೀರಿಂಗ್ ರಾಡ್ ಸೇರೋ ಸೀಲ್ ಒಂದನ್ನು ನೋಡಿ, ಅದೂ ಒಣಗಿದ್ದರೆ ಬಿಲ್‌ಗೆ ಒಪ್ಪಬೇಡಿ.

ಮಾವನ ಗಾಡಿಯಲ್ಲಿ ಭಾನುವಾರ ಇಬ್ಬರೂ ಸೇರಿ ಇದನ್ನೇ ಮಾಡಿದ್ವಿ. ಎರಡೂ ಬೂಟ್ ಒಣಗಿದ್ದವು. ಮೇಲಿನ ಸೀಲ್ ಕೂಡ. ತೊಳೆದ ಮೇಲೆ ಮೊದಲು ಒದ್ದೆಯಾಗಿದ್ದು ಡಬ್ಬಿಗೆ ಸೇರೋ ರಿಟರ್ನ್ ಪೈಪ್‌ನ ತುದಿ. ಪೈಪ್, ಎರಡು ಕ್ಲಿಪ್, ಒಂದು ಲೀಟರ್ ಆಯಿಲ್. ರ್ಯಾಕ್ ಬಿಲ್‌ನ ಮುಂದೆ ಅದೊಂದು ಚಿಲ್ಲರೆ.

ನೀವು ಪೈಪ್ ತರುವಾಗ ಪವರ್ ಸ್ಟೀರಿಂಗ್‌ಗೆ ಅಂತಲೇ ಕೇಳಿ ತನ್ನಿ. ನೀರಿನ ಪೈಪ್ ಆಯಿಲ್‌ಗೆ ಊದಿಕೊಂಡು ಕೊಳೆಯುತ್ತೆ. ಆಯಿಲ್ ಯಾವುದು ಅಂತ ಡಬ್ಬಿ ಮುಚ್ಚಳದಲ್ಲೋ ಮ್ಯಾನ್ಯುಯಲ್‌ನಲ್ಲೋ ಇರುತ್ತೆ. ಕೆಲವಕ್ಕೆ ಎಟಿಎಫ್, ಕೆಲವಕ್ಕೆ ಕಂಪನಿಯದೇ ಬೇರೆ. ಬ್ರೇಕ್ ಆಯಿಲ್ ಮಾತ್ರ ಒಂದು ಹನಿಯೂ ಹಾಕಬೇಡಿ, ಸೀಲ್‌ಗಳೆಲ್ಲ ಹಾಳಾಗುತ್ತೆ. ಲೀಕ್ ನಿಲ್ಲಿಸೋ ಬಾಟಲಿ ಸಿಗುತ್ತೆ. ಅದು ಸೀಲನ್ನು ಸ್ವಲ್ಪ ಊದಿಸುತ್ತೆ, ಸಣ್ಣ ಜಿನುಗಿಗೆ ಕೆಲ ದಿನ ಓಡುತ್ತೆ. ಹರಿದ ಪೈಪ್‌ಗೆ ಏನೂ ಮಾಡಲ್ಲ.

ಹೊಸ ಪೈಪ್ ಹಾಕಿದ ಮೇಲೆ ಗಾಳಿ ತೆಗೀಬೇಕು. ಮುಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು, ಇಂಜಿನ್ ಆಫ್ ಇದ್ದಾಗಲೇ ಹತ್ತು ಹದಿನೈದು ಸಲ ಸ್ಟೀರಿಂಗ್ ಆ ತುದಿ ಈ ತುದಿ ತಿರುಗಿಸಿ, ಆಯಿಲ್ ಇಳಿದ ಹಾಗೆ ಹಾಕಿ. ಆಮೇಲೆ ಇಂಜಿನ್ ಆನ್ ಮಾಡಿ ಇನ್ನೊಮ್ಮೆ. ಡಬ್ಬಿಯಲ್ಲಿ ನೊರೆ ನಿಂತು, ಗುಯ್ಯ್ ಸದ್ದು ಹೋದರೆ ಕೆಲಸ ಮುಗೀತು. ಆಮೇಲೂ ಒಂದು ವಾರ ರಟ್ಟು ಹಾಕಿ ನೋಡಿ.

ಕೊನೆಗೆ ಮೆಕ್ಯಾನಿಕ್‌ಗಳ ಪರವಾಗಿ ಒಂದು ಮಾತು. ತೊಳೆದು, ಒಣಗಿಸಿ, ಹುಡುಕೋಕೆ ಎರಡು ಗಂಟೆ ಬೇಕು. ಅದಕ್ಕೆ ನಾವು ಯಾರೂ ದುಡ್ಡು ಕೊಡಲ್ಲ, ಪಾರ್ಟ್ ಹಾಕಿದರೆ ಮಾತ್ರ ಕೊಡ್ತೀವಿ. ಹಾಗಾದರೆ ಪಾರ್ಟ್ ಹಾಕೋ ಸಲಹೆಯೇ ಬರುತ್ತೆ ಅಲ್ವಾ? ‘ಹುಡುಕೋ ಕೆಲಸಕ್ಕೆ ಬೇರೆ ಕೂಲಿ ಕೊಡ್ತೀನಿ, ಎಲ್ಲಿಂದ ಸೋರ್ತಿದೆ ತೋರಿಸಿ’ ಅಂತ ಮೊದಲೇ ಹೇಳಿ ನೋಡಿ. ಒಳ್ಳೆ ಮೆಕ್ಯಾನಿಕ್ ಖುಷಿಯಿಂದ ಹುಡುಕ್ತಾರೆ.

ನಿಮ್ಮ ಅಪ್ಪನೋ ಚಿಕ್ಕಪ್ಪನೋ ಹಳೇ ಗಾಡಿಗೆ ತಿಂಗಳಿಗೊಂದು ಬಾಟಲಿ ಆಯಿಲ್ ಸುರೀತಾ ಇದ್ದರೆ, ಈ ಎಪಿಸೋಡನ್ನು ಅವರ ವಾಟ್ಸಾಪ್‌ಗೆ ಕಳಿಸಿ. ಘಾಟಿ ಹತ್ತೋಕೆ ಮುಂಚೆ ಕೇಳಲಿ. ಮತ್ತೆ ಸಿಗೋಣ, ನಮಸ್ಕಾರ.