ಅಳೆದದ್ದನ್ನು ಇದ್ದಂತೆ ಬರೆಯೋಣ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಊರಿಗೆ ಬಂದಾಗಲೆಲ್ಲ "ಬೆಂಗಳೂರಾಗ ಏನ್ ಕೆಲಸ ಮಾಡ್ತೀಯಪಾ?" ಎಂದು ಕೇಳುತ್ತೀರಿ. "ಕಂಪ್ಯೂಟರ್ ಕೆಲಸ" ಎಂದರೆ ಮಾತು ಮುಗಿಯುತ್ತದೆ. ನಮ್ಮ ಶಾಲೆಗೆ 50 ವರ್ಷ ತುಂಬಿರುವ ಈ ದಿನ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹತ್ತನೇ ತರಗತಿಯಲ್ಲಿ ನಾವೆಲ್ಲ ಕೈವಾರ ಹಿಡಿದು ಮಸೂರದ ಚಿತ್ರ ಬರೆದವರು. ಚಿತ್ರದಲ್ಲಿ ಅದರ ಮೈ ಎಷ್ಟು ನುಣುಪು! ಆದರೆ ಗಾಜನ್ನು ಉಜ್ಜಿ ಮಾಡಿದ ನಿಜವಾದ ಮಸೂರದ ಮೇಲೆ ಕಣ್ಣಿಗೆ ಕಾಣದ ಉಬ್ಬು-ತಗ್ಗುಗಳಿರುತ್ತವೆ. ಕ್ಯಾಮೆರಾ, ದೂರದರ್ಶಕಗಳನ್ನು ವಿನ್ಯಾಸ ಮಾಡುವ ತಂತ್ರಾಂಶದಲ್ಲಿ ಮೊದಲು ಇರುವುದು ಕೈವಾರದ ಚಿತ್ರದಂಥ ಮಸೂರ. ಆಮೇಲೆ ನಿಜವಾದ ಮಸೂರವನ್ನು ಅಳೆದು, ಅದರ ಉಬ್ಬು-ತಗ್ಗುಗಳನ್ನು ಅದೇ ತಂತ್ರಾಂಶಕ್ಕೆ ಕೊಡಬೇಕು. ಆ ಅಳತೆಯನ್ನು ಓದಿ ಸರಿಯಾಗಿ ಒಳಗೆ ಸೇರಿಸುವ ಪ್ರೋಗ್ರಾಂ ಬರೆಯುವುದೇ ನನ್ನ ಕೆಲಸ.

ನಮ್ಮ ಬಡಿಗರಿಗೆ ಇದು ಹೊಸದಲ್ಲ. ನಕಾಶೆಯಲ್ಲಿ ಗೋಡೆ ನೆಟ್ಟಗಿದೆ ಎಂದು ಅವರು ಹಲಗೆ ಕೊಯ್ಯುವುದಿಲ್ಲ. ಕಟ್ಟಿದ ಗೋಡೆಯನ್ನು ಅಳೆದ ಮೇಲೆಯೇ ಬಾಗಿಲು ಮಾಡುತ್ತಾರೆ.

ಅಳೆಯುವುದು ಹೇಗೆ? ಕೆಂಪು ಲೇಸರ್ ಬೆಳಕನ್ನು ಮಸೂರದ ಮೈಮೇಲೆ ಬಿಟ್ಟು, ಹಿಂತಿರುಗಿದ ಬೆಳಕನ್ನು ಒಂದು ಮಾದರಿ ಮೈಯಿಂದ ಬಂದ ಬೆಳಕಿನೊಂದಿಗೆ ಸೇರಿಸುತ್ತಾರೆ. ಆಗ ಕಪ್ಪು-ಬಿಳುಪು ಪಟ್ಟೆಗಳು ಮೂಡುತ್ತವೆ. ಪಟ್ಟೆ ಎಲ್ಲಿ ಬಾಗಿತೋ ಅಲ್ಲಿ ಉಬ್ಬೋ ತಗ್ಗೋ ಇದೆ. ಈ ಲೇಸರಿನ ತರಂಗಾಂತರ 632.8 ನ್ಯಾನೋಮೀಟರ್. ಅದರ ಹತ್ತನೇ ಒಂದು ಭಾಗದಷ್ಟು ಏರಿಳಿತವೂ ಸಿಕ್ಕಿಬೀಳುತ್ತದೆ.

ಈ ಲೆಕ್ಕವನ್ನು ತಂತ್ರಾಂಶಕ್ಕೆ ಕೊಡುವಾಗ ಮೈಯೆಲ್ಲ ಕಣ್ಣಾಗಿರಬೇಕು. ಅಳತೆ ತರಂಗದಲ್ಲಿದೆಯೋ ಮಿಲಿಮೀಟರಿನಲ್ಲಿದೆಯೋ? ಮಸೂರವನ್ನು ಯಾವ ಕಡೆಯಿಂದ ನೋಡಿ ಅಳೆದರು? ಮೇಲ್ಭಾಗ ಯಾವುದು? ಗಾಜಿನ ಮೇಲಿನ 100 ನ್ಯಾನೋಮೀಟರ್ ಉಬ್ಬು ಹಾದುಹೋಗುವ ಬೆಳಕನ್ನು ಸುಮಾರು 50 ನ್ಯಾನೋಮೀಟರ್ ಕೆಡಿಸುತ್ತದೆ. ಅದೇ ಉಬ್ಬು ಕನ್ನಡಿಯ ಮೇಲಿದ್ದರೆ 200! ಬೆಳಕು ಹೋಗಿ ಹಿಂತಿರುಗುವುದರಿಂದ ತಪ್ಪು ಇಮ್ಮಡಿಯಾಗುತ್ತದೆ. ಇನ್ನು ಪ್ಲಸ್ ಇರುವಲ್ಲಿ ಮೈನಸ್ ಬಿದ್ದರೆ ಉಬ್ಬು ತಗ್ಗಾಗುತ್ತದೆ. ಸರಿಪಡಿಸಲು ಹೋದವರು ದೋಷವನ್ನು ದುಪ್ಪಟ್ಟು ಮಾಡುತ್ತಾರೆ.

ಇದು ಸಣ್ಣ ಮಾತಲ್ಲ. 1990ರಲ್ಲಿ ಅಮೆರಿಕದವರು ಹಬಲ್ ದೂರದರ್ಶಕವನ್ನು ಆಕಾಶಕ್ಕೆ ಕಳಿಸಿದರು. ಅದರ 2.4 ಮೀಟರ್ ಕನ್ನಡಿಯನ್ನು ಬಹಳ ನಯವಾಗಿ ಉಜ್ಜಿದ್ದರು, ಆದರೆ ಆಕಾರವೇ ತಪ್ಪಾಗಿತ್ತು. ಅಳೆಯುವ ಉಪಕರಣದೊಳಗಿನ ಒಂದು ಮಸೂರ 1.3 ಮಿಲಿಮೀಟರ್ ಜರುಗಿದ್ದರಿಂದ ಕನ್ನಡಿಯ ಅಂಚು ಸುಮಾರು 2.2 ಮೈಕ್ರಾನ್ ಚಪ್ಪಟೆಯಾಯಿತು. ಅದು ನಮ್ಮ ತಲೆಗೂದಲ ದಪ್ಪಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಅಷ್ಟಕ್ಕೇ ನಕ್ಷತ್ರಗಳು ಮಸುಕಾದವು. ಬೇರೆ ಪರೀಕ್ಷೆಗಳು ಮೊದಲೇ ದೋಷ ತೋರಿಸಿದ್ದವು, ಯಾರೂ ನಂಬಲಿಲ್ಲ. ಕೊನೆಗೆ ಮಸುಕಾದ ಚಿತ್ರಗಳಿಂದಲೇ ಕನ್ನಡಿಯ ನಿಜವಾದ ಆಕಾರವನ್ನು ಲೆಕ್ಕಹಾಕಿ, ಆ ಲೆಕ್ಕಕ್ಕೆ ತಕ್ಕ ವಿನ್ಯಾಸ ಮಾಡಿ, 1993ರ ಡಿಸೆಂಬರಿನಲ್ಲಿ ಕನ್ನಡಕ ಹಾಕಿದಂತೆ ದೃಷ್ಟಿ ಸರಿಪಡಿಸಿದರು.

ನಮ್ಮ ನಾಡಿನಲ್ಲೂ ಈ ವಿದ್ಯೆ ಬೆಳೆದಿದೆ. ತಮಿಳುನಾಡಿನ ಕಾವಲೂರಿನಲ್ಲಿರುವ 2.34 ಮೀಟರಿನ ವೇಣು ಬಪ್ಪು ದೂರದರ್ಶಕದ ಕನ್ನಡಿಯನ್ನು ಉಜ್ಜಿ ಅಳೆದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯಲ್ಲಿ ಸೂರ್ಯನ ಪ್ರಭಾವಲಯ ನೋಡುವ ಉಪಕರಣ ಸಿದ್ಧವಾದದ್ದು ಅದೇ ಸಂಸ್ಥೆಯ ಹೊಸಕೋಟೆ ಕೇಂದ್ರದಲ್ಲಿ.

ನನ್ನ ಕೆಲಸದಲ್ಲಿ ಕಂಡ ಒಂದು ಸಂಗತಿ. ವಾರಗಟ್ಟಲೆ ಉಜ್ಜಿದ ಎರಡು ಮಸೂರಗಳ ಅಳತೆ ಬಂತು. ಎರಡೂ ಒಂದು ದಿಕ್ಕಿನಲ್ಲಿ ತುಸು ಹೆಚ್ಚು ಬಾಗಿದ್ದವು. ಬಿಸಾಡಬೇಕೇ ಎಂಬ ಮಾತು ನಡೆದಿತ್ತು. ಅಳತೆಯನ್ನು ತಂತ್ರಾಂಶಕ್ಕೆ ಹಾಕಿ ಒಂದನ್ನು 90 ಡಿಗ್ರಿ ತಿರುಗಿಸಿ ನೋಡಿದೆವು. ಒಂದರ ಕೊರತೆಯನ್ನು ಇನ್ನೊಂದು ತುಂಬಿತು, ಎರಡೂ ಉಳಿದವು. ಅಳೆದವರು ದೋಷವನ್ನು ಮುಚ್ಚಿಟ್ಟಿದ್ದರೆ ಇದು ಸಾಧ್ಯವಿರಲಿಲ್ಲ.

ಮಕ್ಕಳೇ, ನಿಮಗೆ ಹೇಳುವುದು ಇಷ್ಟೇ. ಪ್ರಯೋಗದಲ್ಲಿ ಮಸೂರದ ಸಂಗಮದೂರ 10 ಸೆಂಟಿಮೀಟರ್ ಬರಬೇಕು ಎಂದು ಪುಸ್ತಕ ಹೇಳಿ, ನಿಮಗೆ 10.4 ಬಂದರೆ 10.4 ಎಂದೇ ಬರೆಯಿರಿ. ಆಮೇಲೆ ಯಾಕೆ ಹೀಗೆ ಎಂದು ಸರ್‌ ಅವರನ್ನು ಕೇಳಿರಿ. ಗುರುಗಳಲ್ಲಿ ನನ್ನ ವಿನಂತಿ, ಹಾಗೆ ಬರೆದ ಮಗುವಿಗೆ ಅಂಕ ಕಡಿಮೆ ಮಾಡಬೇಡಿ. ನನ್ನ ಜೊತೆ ಓದಿದ ಗೆಳೆಯರೇ, ಈ ವರ್ಷ ನಾವೆಲ್ಲ ಸೇರಿ ಪ್ರಯೋಗಾಲಯಕ್ಕೆ ಮಸೂರ, ದರ್ಪಣ, ಅಳತೆಪಟ್ಟಿಗಳನ್ನು ಕೊಡಿಸೋಣ. ನನ್ನ ಪಾಲು ನಾನು ಕೊಡುತ್ತೇನೆ.