ಪ್ರಾಗ್ ನಗರದ ಬೆತ್ಲೆಹೆಮ್ ಮಂದಿರ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನನ್ನ ಯುರೋಪು ಪ್ರವಾಸದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಆಜ್ಞಾಪಿಸಿದ್ದಾರೆ. ಕಂಡುದೆಲ್ಲವನ್ನೂ ಹೇಳಹೊರಟರೆ ಅದು ಪಟ್ಟಿಯಾದೀತೇ ಹೊರತು ಭಾಷಣವಾಗಲಾರದು. ಆದುದರಿಂದ ಚೆಕ್ ಗಣರಾಜ್ಯದ ರಾಜಧಾನಿಯಾದ ಪ್ರಾಗ್ ನಗರವೊಂದನ್ನೇ, ಅದರಲ್ಲಿಯೂ ಮುಖ್ಯವಾಗಿ ಅಲ್ಲಿಯ ಒಂದು ಪ್ರಾರ್ಥನಾಮಂದಿರವನ್ನೇ ತಮ್ಮ ಮುಂದಿರಿಸುತ್ತೇನೆ.

ವ್ಲ್ಟಾವಾ ನದಿಯ ಇಕ್ಕೆಲಗಳಲ್ಲಿ ಹರಡಿರುವ ಈ ನಗರಕ್ಕೆ ನೂರು ಗೋಪುರಗಳ ಪಟ್ಟಣವೆಂಬ ಬಿರುದುಂಟು. ಬೆಟ್ಟದ ಮೇಲಿನ ಕೋಟೆಯೊಳಗೆ ಸಂತ ವೀಟನ ಮಹಾದೇವಾಲಯವಿದೆ. 1344ರಲ್ಲಿ ಆರಂಭವಾದ ಆ ಕಟ್ಟಡವು ಪೂರ್ಣಗೊಂಡುದು 1929ರಲ್ಲಿ! ಬೊಹೀಮಿಯದ ಅನೇಕ ಅರಸರು ಅಲ್ಲಿ ಚಿರನಿದ್ರೆಯಲ್ಲಿದ್ದಾರೆ. ಅದರ ವೈಭವವನ್ನು ಬಣ್ಣಿಸುವ ಪುಸ್ತಕಗಳು ಬೇಕಾದಷ್ಟಿವೆ; ನಾನು ಬೆಟ್ಟವನ್ನಿಳಿದು, ನಾಲ್ಕನೆಯ ಚಾರ್ಲ್ಸ್ ದೊರೆಯು 1357ರಲ್ಲಿ ಕಟ್ಟಲಾರಂಭಿಸಿದ ಕಲ್ಲಿನ ಸೇತುವೆಯನ್ನು ದಾಟಿ, ಹಳೆಯ ಪೇಟೆಯ ಬೆತ್ಲೆಹೆಮ್ ಮಂದಿರಕ್ಕೆ ಬರುತ್ತೇನೆ.

ಹೊರಗಿನಿಂದ ನೋಡಿದರೆ ಎರಡು ಕಡಿದಾದ ಮಾಡುಗಳು, ಬರಿಯ ಗೋಡೆ. ಒಳಗೆ ಮರದ ಮುಚ್ಚಿಗೆಯುಳ್ಳ ಒಂದು ವಿಶಾಲವಾದ ಚಾವಡಿ. ಅದರೊಳಗೇ ಒಂದು ಬಾವಿ. ಶಿಲ್ಪವೈಭವವನ್ನು ಅರಸಿ ಬಂದವನಿಗೆ ನಿರಾಶೆಯೇ ಸರಿ. ಆದರೆ ಈ ಮಂದಿರವು ನೋಟಕ್ಕಾಗಿ ಹುಟ್ಟಿದುದಲ್ಲ, ಕೇಳ್ಮೆಗಾಗಿ ಹುಟ್ಟಿದುದು. ಇಗರ್ಜಿಗಳ ಪೂಜಾವಿಧಿಯೆಲ್ಲವೂ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿದ್ದ ಕಾಲ ಅದು. ಜನಸಾಮಾನ್ಯರ ಚೆಕ್ ನುಡಿಯ ಉಪದೇಶಕ್ಕೆ ಆ ದೊಡ್ಡ ನಗರದಲ್ಲಿ ತನ್ನದೆಂಬ ನೆಲೆಯಿರಲಿಲ್ಲ. ಆ ಕೊರತೆಯನ್ನು ನೀಗಲೆಂದೇ 1391ರಲ್ಲಿ ಹನುಷ್ ಎಂಬ ಸರದಾರನು ಈ ಮಂದಿರವನ್ನು ಸ್ಥಾಪಿಸಿದನು. ಕ್ರೀಷ್ ಎಂಬ ವರ್ತಕನು ನಿವೇಶನವನ್ನು ದಾನವಾಗಿತ್ತನು. ಅರಸನ ಹಣವಲ್ಲ, ಮಠದ ಹಣವಲ್ಲ ಎಂಬುದನ್ನು ತಾವು ಗಮನಿಸಬೇಕು. ಮೂರು ಸಾವಿರ ಜನರು ಸೇರಬಹುದಾಗಿದ್ದ ಸ್ಥಳವೆಂದು ಹೇಳುತ್ತಾರೆ.

1402ರಿಂದ 1412ರವರೆಗೆ ಇಲ್ಲಿಯ ಉಪದೇಶಪೀಠದಲ್ಲಿ ನಿಂತವನು ಯಾನ್ ಹುಸ್. ಆತನು ವಿಶ್ವವಿದ್ಯಾನಿಲಯದ ಪಂಡಿತ, ಲ್ಯಾಟಿನ್‌ನಲ್ಲಿ ನಿಷ್ಣಾತ. ಆದರೂ ಕುಶಲಕರ್ಮಿಗಳಿಗೂ ಹೆಂಗಸರಿಗೂ ತಿಳಿಯುವಂತೆ ಅವರ ಮನೆಮಾತಿನಲ್ಲಿಯೇ ಮಾತನಾಡಿದನು, ಅವರಿಂದ ಚೆಕ್ ಹಾಡುಗಳನ್ನು ಹಾಡಿಸಿದನು. ಚೆಕ್ ನುಡಿಯ ಧ್ವನಿಗಳಿಗೆ ಲ್ಯಾಟಿನ್ ಲಿಪಿಯಲ್ಲಿ ಅಕ್ಷರಗಳು ಸಾಲದೆ, ಎರಡು ಮೂರು ಅಕ್ಷರಗಳನ್ನು ಒಂದುಗೂಡಿಸಿ ಬರೆಯುತ್ತಿದ್ದರು. ಅಕ್ಷರದ ಮೇಲೊಂದು ಚುಕ್ಕೆಯನ್ನಿಟ್ಟು ಈ ತೊಡಕನ್ನು ಬಿಡಿಸಿದ ಲೇಖನಪದ್ಧತಿಯು ಹುಸ್‌ನದೆಂದೇ ಪ್ರಸಿದ್ಧಿ. ಆ ಚುಕ್ಕೆಯೇ ಮುಂದೆ ಸಣ್ಣ ಕೊಕ್ಕೆಯಾಯಿತು. ಇಂದಿಗೂ ಚೆಕ್ ಮಕ್ಕಳು ಅದನ್ನು ಬರೆದೇ ಅಕ್ಷರ ಕಲಿಯುತ್ತಾರೆ. ‘ಜ’ಕಾರ ‘ಫ’ಕಾರಗಳ ಕೆಳಗೆ ಎರಡು ಚುಕ್ಕೆಗಳನ್ನಿಟ್ಟು ಪರಭಾಷೆಯ ಧ್ವನಿಗಳನ್ನು ಬರೆಯುವ ನಮಗೆ ಈ ಉಪಾಯದ ಸೊಗಸು ತಿಳಿಯದೆ ಇರದು.

ಇಗರ್ಜಿಯ ಅಧಿಕಾರಿಗಳ ಧನಲೋಭವನ್ನು ಖಂಡಿಸಿದ ಹುಸ್‌ನನ್ನು ಕಾನ್‌ಸ್ಟೆನ್ಸ್ ನಗರದ ಧರ್ಮಸಭೆಯು ಪಾಷಂಡಿಯೆಂದು ಸಾರಿತು. 1415ರ ಜುಲೈ 6ರಂದು ಆತನನ್ನು ಜೀವಂತವಾಗಿ ಸುಟ್ಟು, ಬೂದಿಯನ್ನು ರೈನ್ ನದಿಗೆ ಚೆಲ್ಲಿದರು.

ಈ ಕಥೆಗೆ ಇನ್ನೊಂದು ಮುಖವುಂಟು. ಅದನ್ನು ಮುಚ್ಚಿಡುವುದು ಅಧ್ಯಾಪಕನಿಗೆ ತರವಲ್ಲ. ಪ್ರಾಗ್ ವಿಶ್ವವಿದ್ಯಾನಿಲಯದ ಸಭೆಗಳಲ್ಲಿ ಹೊರನಾಡಿನ ಮೂರು ಪಂಗಡಗಳಿಗೆ ಒಂದೊಂದರಂತೆ ಮೂರು ಮತಗಳೂ ಬೊಹೀಮಿಯದವರಿಗೆ ಒಂದೇ ಮತವೂ ಇದ್ದುವು. 1409ರ ರಾಜಾಜ್ಞೆಯು ಇದನ್ನು ತಿರುವುಮುರುವು ಮಾಡಿತು. ಹುಸ್‌ನ ಕಡೆಯವರು ಹಿಗ್ಗಿದರು. ಜರ್ಮನ್ ಪಂಡಿತರೂ ವಿದ್ಯಾರ್ಥಿಗಳೂ ಗುಂಪುಗುಂಪಾಗಿ ನಗರವನ್ನು ತೊರೆದರು; ಅವರಿಂದ ಅದೇ ವರ್ಷ ಲೈಪ್‌ಜಿಗ್ ವಿಶ್ವವಿದ್ಯಾನಿಲಯವು ಹುಟ್ಟಿತು. ತಮ್ಮ ನುಡಿಗೆ ಸ್ಥಾನವನ್ನು ಬೇಡುವುದು ನ್ಯಾಯ. ಆದರೆ ನೆರೆಯವನು ಮೂಟೆ ಕಟ್ಟಿದ ದಿನ ಹಬ್ಬವಲ್ಲ. ಎರಡು ನುಡಿಗಳ ನಡುವೆ ಬದುಕಿ, ಮಕ್ಕಳನ್ನು ಕನ್ನಡ ಶಾಲೆಗೆ ಸೇರಿಸುವುದೋ ಬೇಡವೋ ಎಂದು ಪ್ರತಿ ಜೂನ್ ತಿಂಗಳಲ್ಲಿಯೂ ತಕ್ಕಡಿ ಹಿಡಿಯುವ ನಮ್ಮ ಮನೆಗಳಿಗೆ ಇದರ ಎರಡು ಮುಖಗಳೂ ಅರ್ಥವಾಗಬೇಕು.

1786ರಲ್ಲಿ ಮಂದಿರವನ್ನು ಕೆಡವಿದರು. ಆ ಸ್ಥಳದಲ್ಲಿ ವಾಸದ ಮನೆಗಳೆದ್ದುವು. ಮುಂದೆ ಶೋಧಕರು ಹುಡುಕಿದಾಗ, ಹಳೆಯ ಗೋಡೆಗಳ ಭಾಗಗಳು ಆ ಮನೆಗಳ ಗೋಡೆಗಳೊಳಗೇ ಅಡಗಿದ್ದುವು. ಅವುಗಳ ಮೇಲೆ ಹುಸ್‌ನ ಕಾಲದ ಬರವಣಿಗೆಯ ಅವಶೇಷಗಳೂ ದೊರೆತುವು. 1950ರಿಂದ 1952ರವರೆಗೆ ಶಿಲ್ಪಿ ಯಾರೊಸ್ಲಾವ್ ಫ್ರಾಗ್ನರನ ಮೇಲ್ವಿಚಾರಣೆಯಲ್ಲಿ ಮಂದಿರವು ಮತ್ತೆ ತಲೆಯೆತ್ತಿತು. ಕಟ್ಟಿಸಿದುದು ದೇವರನ್ನೊಪ್ಪದ ಕಮ್ಯೂನಿಸ್ಟ್ ಸರಕಾರವೆಂಬುದು ಇಲ್ಲಿಯ ಸ್ವಾರಸ್ಯ! ಈಗ ಅಲ್ಲಿಯ ತಾಂತ್ರಿಕ ವಿಶ್ವವಿದ್ಯಾನಿಲಯದ ಪದವೀದಾನ ಸಮಾರಂಭಗಳು ಅದೇ ಚಾವಡಿಯಲ್ಲಿ ನಡೆಯುತ್ತವೆ.

ಬರವಣಿಗೆಯ ಗೋಡೆಗಳೆಂದೊಡನೆ ಅಲ್ಲಿಂದ ಅನತಿದೂರದಲ್ಲಿರುವ ಯೆಹೂದ್ಯರ ಪಿಂಕಾಸ್ ಮಂದಿರವನ್ನು ಹೇಳದಿರಲಾರೆ. ನಾಜಿಗಳ ಕ್ರೌರ್ಯಕ್ಕೆ ಬಲಿಯಾದ ಸುಮಾರು 78,000 ಚೆಕ್ ಯೆಹೂದ್ಯರ ಹೆಸರುಗಳನ್ನು 1954ರಿಂದ 1959ರವರೆಗೆ ಅದರ ಗೋಡೆಗಳ ಮೇಲೆ ಕೈಯಿಂದಲೇ ಬರೆದರು. ನೆಲದ ತೇವವೇರಿ 1968ರಲ್ಲಿ ಮಂದಿರವನ್ನು ಮುಚ್ಚಬೇಕಾಯಿತು, ಹೆಸರುಗಳೆಲ್ಲ ಅಳಿದುವು. 1992ರಿಂದ 1996ರವರೆಗೆ ಅಷ್ಟನ್ನೂ ಮತ್ತೊಮ್ಮೆ, ಒಂದೊಂದಾಗಿ, ಕೈಯಿಂದಲೇ ಬರೆದರು. ಊರೂರಿನ ಕ್ರಮದಲ್ಲಿ, ಹುಟ್ಟಿದ ದಿನದೊಡನೆ, ಸಣ್ಣ ಅಕ್ಷರಗಳಲ್ಲಿ, ನೆಲದಿಂದ ಮೇಲಿನವರೆಗೂ ಅವು ತುಂಬಿವೆ. ಒಂದು ಗೋಡೆಯನ್ನು ಓದಿ ಮುಗಿಸುವುದಕ್ಕೂ ನಮಗಿದ್ದ ಸಮಯ ಸಾಲಲಿಲ್ಲ.