ಮೈಸೂರಿನ ವಿಜ್ಞಾನ ಸಮ್ಮೇಳನ ಮತ್ತು ನಮ್ಮ ಮಕ್ಕಳ ಪ್ರಶ್ನೆ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳು ಎಂದು ಗುರುಗಳು ಅಪ್ಪಣೆ ಮಾಡಿದ್ದಾರೆ. ನಮ್ಮ ನಾಡಿನಲ್ಲೇ ನಡೆದ ಒಂದು ಸಮ್ಮೇಳನವನ್ನು ಮುಂದಿಟ್ಟುಕೊಂಡು ಮಾತಾಡುತ್ತೇನೆ.

2016ರ ಜನವರಿ 3ರಿಂದ 7ರವರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 103ನೆಯ ಅಧಿವೇಶನ ನಡೆಯಿತು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಅದು ಶತಮಾನೋತ್ಸವದ ಕಾಲ. ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಹೊರದೇಶಗಳಿಂದ ನೊಬೆಲ್ ಪ್ರಶಸ್ತಿ ಪಡೆದವರೂ ಬಂದಿದ್ದರು. 1914ರಲ್ಲಿ ಕಲ್ಕತ್ತೆಯಲ್ಲಿ ಇದೇ ಸಮ್ಮೇಳನ ಶುರುವಾದಾಗ ಸೇರಿದ್ದವರು 105 ಜನ, ಮಂಡಿಸಿದ ಪ್ರಬಂಧಗಳು 35.

ಮೈಸೂರಿಗೆ ಬಂದ ಅತಿಥಿಗಳಲ್ಲಿ ಇಬ್ಬರ ಕಥೆಯನ್ನು ಮಕ್ಕಳು ಕೇಳಬೇಕು. ಒಬ್ಬರು ಇಂಗ್ಲೆಂಡಿನ ಜಾನ್ ಗರ್ಡನ್. ಹುಡುಗನಿದ್ದಾಗ ಜೀವಶಾಸ್ತ್ರದಲ್ಲಿ 250 ಹುಡುಗರ ಪೈಕಿ ಕೊನೆಯವರು. ಇವನು ವಿಜ್ಞಾನಿಯಾಗುವ ಮಾತು ನಗೆಪಾಟಲು ಎಂಬರ್ಥದಲ್ಲಿ ಮೇಷ್ಟ್ರು ವರದಿ ಬರೆದಿದ್ದರು. ಅದೇ ಹುಡುಗನಿಗೆ ಕಪ್ಪೆಯ ಜೀವಕೋಶಗಳ ಮೇಲಿನ ಕೆಲಸಕ್ಕೆ 2012ರಲ್ಲಿ ನೊಬೆಲ್ ಬಂತು. ಇನ್ನೊಬ್ಬರು ಇಸ್ರೇಲಿನ ಡಾನ್ ಶೆಕ್ಟ್‌ಮನ್. 1982ರಲ್ಲಿ, ಇರಲು ಸಾಧ್ಯವೇ ಇಲ್ಲ ಎಂದು ಪುಸ್ತಕಗಳು ಹೇಳುತ್ತಿದ್ದ ಒಂದು ಬಗೆಯ ಹರಳಿನ ರಚನೆ ಅವರ ಕಣ್ಣಿಗೆ ಬಿತ್ತು. ಎರಡು ನೊಬೆಲ್ ಪಡೆದಿದ್ದ ಲೈನಸ್ ಪಾಲಿಂಗ್ ಅದನ್ನು ಕೊನೆಯವರೆಗೂ ಒಪ್ಪಲಿಲ್ಲ. ಶೆಕ್ಟ್‌ಮನ್ ಪುರಾವೆ ಬಿಡಲಿಲ್ಲ. 2011ರಲ್ಲಿ ಅವರಿಗೂ ನೊಬೆಲ್ ಬಂತು.

ಅದೇ ಸಮ್ಮೇಳನದಲ್ಲಿ ಶಂಖ ಊದುವುದರಿಂದ ಆರೋಗ್ಯಕ್ಕೆ ಲಾಭ ಎಂಬ ಪ್ರಬಂಧವೂ ಇತ್ತು. ಅಲ್ಲೇ ಶಂಖ ಊದಿಯೂ ತೋರಿಸಿದರು. ಆ ದಿನಗಳಲ್ಲೇ ನೊಬೆಲ್ ವಿಜ್ಞಾನಿ ವೆಂಕಟರಾಮನ್ ರಾಮಕೃಷ್ಣನ್ ಅವರು, ಈ ಸಮ್ಮೇಳನದಲ್ಲಿ ವಿಜ್ಞಾನದ ಚರ್ಚೆ ತೀರ ಕಡಿಮೆ, ಇನ್ನು ಮುಂದೆ ಹೋಗಲಾರೆ ಎಂದರು. ಶಂಖದ ಮೇಲೆ ನಮಗೆಲ್ಲ ಭಕ್ತಿ ಇದೆ, ಇರಲಿ. ಆದರೆ ಭಕ್ತಿ ಬೇರೆ, ಪುರಾವೆ ಬೇರೆ. ಎಷ್ಟು ಜನರನ್ನು ಪರೀಕ್ಷಿಸಿದಿರಿ, ಊದದವರ ಜೊತೆ ಹೋಲಿಸಿದಿರಾ ಎಂದು ಕೇಳುವವರು ಇದ್ದರೆ ಮಾತ್ರ ಅದು ವಿಜ್ಞಾನದ ಸಭೆ. ಇಲ್ಲದಿದ್ದರೆ ಪೆಂಡಾಲು ಎಷ್ಟು ದೊಡ್ಡದಿದ್ದರೂ ಅದು ಜಾತ್ರೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ, ಇದು ಯಾಕೆ ಹೀಗೆ ಎಂದು ಕೇಳುತ್ತಾರೆ. ಬರೆದವರು ಹಿರಿಯರಾದರೂ ಉತ್ತರ ಕೊಡಬೇಕು. ಕೇಳಿದ್ದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಈ ರೂಢಿಗೆ ಮೈಸೂರೇ ಬೇಕಾಗಿಲ್ಲ. ಇಂಡಿಯ ತೋಟಗಳಲ್ಲಿ ನಿಂಬೆಯ ಹೂವು, ಎಳೆಗಾಯಿ ಉದುರುವುದು ಯಾವ ವಾರದಲ್ಲಿ ಹೆಚ್ಚು? ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಕಾಲುವೆ ನೀರು ಬಂದ ಎರೆಹೊಲ ಕೆಲವೆಡೆ ಸವಳಾಗುವುದು ಯಾಕೆ, ಪಕ್ಕದ ಹೊಲ ಉಳಿಯುವುದು ಹೇಗೆ? ಸಿಂದಗಿಯ ಯಾವ ಬೋರಿನ ನೀರು ಉಪ್ಪು, ಯಾವುದು ಸಿಹಿ? ಇವು ದಿಟವಾದ ವಿಜ್ಞಾನದ ಪ್ರಶ್ನೆಗಳು. ಇವನ್ನು ಹತ್ತಿರದಿಂದ ನೋಡುವ ಅನುಕೂಲ ಪಟ್ಟಣದ ಮಕ್ಕಳಿಗಿಂತ ನಮ್ಮ ಮಕ್ಕಳಿಗೆ ಹೆಚ್ಚು.

ಅದಕ್ಕೆ ವೇದಿಕೆಯೂ ಇದೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನ ಸಮಸ್ಯೆಯನ್ನೇ ಅಧ್ಯಯನ ಮಾಡಿ ಮಂಡಿಸುತ್ತಾರೆ. ಕನ್ನಡದಲ್ಲೇ ಮಂಡಿಸಬಹುದು. ಜಿಲ್ಲೆಯಲ್ಲಿ ಗೆದ್ದರೆ ರಾಜ್ಯ, ಅಲ್ಲಿಂದ ದೇಶ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬಿನ್ನಹ. ಕಟ್ಟಡಕ್ಕೆ, ಬಣ್ಣಕ್ಕೆ ಕೊಡುತ್ತಿದ್ದೇವೆ, ಸಂತೋಷ. ಅದರ ಜೊತೆಗೆ ಒಂದು ಮಳೆಮಾಪಕ, ಮಣ್ಣು ಮತ್ತು ನೀರು ಪರೀಕ್ಷೆಯ ಸಾಮಾನು ಕೊಡಿಸೋಣ. ವರ್ಷಕ್ಕೊಂದು ದಿನ ಇದೇ ಅಂಗಳದಲ್ಲಿ ಮಕ್ಕಳು ತಾವು ಅಳೆದದ್ದನ್ನು ಊರಿನ ಮುಂದೆ ಇಡಲಿ. ರೈತರು ಕುಳಿತು ಪ್ರಶ್ನೆ ಕೇಳಲಿ. ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂಡಲಿ.

ಕಾಯಕದ ಜನರನ್ನು ಒಂದೆಡೆ ಕೂಡಿಸಿ ಮಾತಾಡಲು, ಕೇಳಲು ಕಲಿಸಿದ ಬಸವಣ್ಣನವರು ಹುಟ್ಟಿದ ನೆಲ ಇದು. ಪ್ರಶ್ನೆ ಕೇಳುವುದು ನಮಗೆ ಹೊಸದಲ್ಲ. ಮಗು ‘ಯಾಕ?’ ಅಂದಾಗ ‘ಸುಮ್ಮನ ಕೂಡು’ ಅನ್ನದಿದ್ದರೆ ಸಾಕು, ಅರ್ಧ ಕೆಲಸ ಆದಂತೆ.

ನಮ್ಮ ಶಾಲೆ ನೂರು ವರ್ಷ ಬಾಳಲಿ.